ಕೈಗೆ ತಿಳಿಯದ ಪೆಟ್ಟು

ಗುದ್ದಲಿ ಕಲ್ಲಿಗೆ ತಾಗಿ ಜಾಫರಸಾಬನ ಎರಡೂ ಕೈ ಮೊಳಕೈತನಕ ಝುಮ್ಮೆಂದವು. ಅವನು ಹಿಡಿಕೆ ಬಿಡದೆ ಮತ್ತೆ ಎತ್ತಿ ಅದೇ ಜಾಗಕ್ಕೆ ಹಾಕಿದ. ಮತ್ತೆ ಕಲ್ಲು. ಬಾದಾಮಿ ಸುತ್ತಿನ ಕೆಂಪು ನೆಲವೇ ಹಾಗೆ. ಮೇಲೆ ಗೇಣು ಮಣ್ಣು, ಕೆಳಗೆಲ್ಲ ಬಂಡೆ.

"ಜಾಫರಣ್ಣ, ಸಾಕು, ಮ್ಯಾಲ ಬಾ," ಎಂದ ಕುಣಿಯ ಅಂಚಿಗೆ ನಿಂತಿದ್ದ ಮುದಕಪ್ಪ. ಸತ್ತ ಬಂಡೆಪ್ಪನ ತಮ್ಮ ಅವನು. "ನಮ್ಮ ಹುಡುಗೂರ ಅದಾರ, ಅವರು ತೋಡ್ತಾರ. ಈ ವಯಸ್ಸಿನ್ಯಾಗ ನಿನಗ್ಯಾಕ ಇದು?"

"ಇನ್ನೊಂದೀಟು ಐತಿ. ಇರು."

"ತೋಡ್ಲಿ ಬಿಡೋ," ಎಂದ ಕುರುಬರ ಓಣಿಯ ಹಿರಿಯನೊಬ್ಬ. "ಒಡಹುಟ್ಟಿದವರು ಮಾಡಲಾರದ್ದು ಇಂವ ಮಾಡ್ಯಾನ. ಆ ಸಾಹೇಬ ಬಂಡೆಪ್ಪನ ಕಣ್ಣ ಕಳದ ದಿನದಿಂದ ನೋಡಾಕಹತ್ತೇನಿ. ಮನಿ ಬಾಗಲಾ ಇವಂದು, ಕುರಿಹಟ್ಟಿ ತಡಿಕಿ ಇವಂದು, ಮೊಮ್ಮಗನ ತೊಟ್ಟಲಾ ಇವಂದು. ಇಂಥಾ ಗೆಳ್ಯಾ ಯಾರಿಗೆ ಸಿಗತಾನ?"

ಎದೆಮಟ್ಟದ ಕುಣಿಯೊಳಗಿದ್ದ ಜಾಫರಸಾಬ ತಲೆ ಎತ್ತಲಿಲ್ಲ. ಊರವರು ಈ ಮಾತು ಆಡಿದಾಗಲೆಲ್ಲ ಅವನು ಯಾವುದಾದರೂ ಕೆಲಸಕ್ಕೆ ಬಗ್ಗಿಬಿಡುತ್ತಿದ್ದ. ಹಾಗೆ ಬಗ್ಗುವುದನ್ನು ಜನ ಸಂಕೋಚವೆಂದು ತಿಳಿದು ಇನ್ನಷ್ಟು ಹೊಗಳುತ್ತಿದ್ದರು.

"ಸಾಹೇಬ ಕಳೀಲಿಲ್ಲ," ಎಂದಿತು ಒಂದು ಮುದಿ ದನಿ.

ಮಾತಾಡಿದವನು ಬೇವಿನ ಬುಡದ ಕಲ್ಲಿನ ಮೇಲೆ ಕೂತಿದ್ದ ಲಾಡಸಾಬ. ಒಂದು ಕಾಲಕ್ಕೆ ಸ್ಟೇಶನ್ ಬಂಗಲೆಯಲ್ಲಿ ಹಾರ್ಲಿ ಸಾಹೇಬನ ಬಟ್ಲರನಾಗಿದ್ದವನು. ಈಗ ಮೊಳಕಾಲು ಬಿಗಿದುಹೋಗಿ, ಕೋಲೂರಿಕೊಂಡು, ಸ್ಟೇಶನ್ನಿನ ಹೊರಗೆ ಎಲೆ-ತಂಬಾಕು ಮಾರುತ್ತಿದ್ದ.

"ಸಾಹೇಬ ಹೊಡೀಲಿಲ್ಲ," ಎಂದ ಮತ್ತೆ. "ಆ ಹೊತ್ತಿನ್ಯಾಗ ನಾನಽ ಅವನ ಕೈಯಾಗ ಚಹಾ ಕೊಟ್ಟೇನಿ. ಇನ್ನೂ ಮಲಗೋ ಅಂಗಿ ಮ್ಯಾಲ ಇದ್ದ."

"ಚಾಲೂ ಆತು ನೋಡು," ಎಂದು ಯಾರೋ ನಕ್ಕರು.

ಮುದಕಪ್ಪ ನಗಲಿಲ್ಲ. "ಲಾಡಸಾಬ, ಹೆಣ ಇನ್ನೂ ಮನಿಯಾಗ ಐತಿ. ಇವತ್ತರ ಸಾಹೇಬನ ಉಪ್ಪಿನ ಋಣ ತೀರಸಬ್ಯಾಡ. ಕಣ್ಣ ಹ್ವಾದವಗ ಗೊತ್ತೋ, ನಿನಗ ಗೊತ್ತೋ? ಸಾಹೇಬನ ಟೋಪಿ ಕಂಡೇನಿ ಅಂತ ಅಣ್ಣಾನಽ ಹೇಳ್ಯಾನ."

"ಹೇಳಿದ್ದು ಖರೆ. ಯಾಕ ಹೇಳಿದ್ನೋ, ಅದಽ ನನಗ ತಿಳಿವಲ್ತು," ಎಂದ ಲಾಡಸಾಬ. "ಕುರಾನ ಮುಟ್ಟಿ ಹೇಳಿದೆ. ನಮ್ಮ ಮಂದೀನಽ ನಂಬಲಿಲ್ಲ. ನೀವೇನ ನಂಬ್ತೀರಿ?"

ಅಂದು ಮಸೀದಿಯಲ್ಲಿ ಲಾಡಸಾಬ ಪ್ರಮಾಣ ಮಾಡಿದಾಗ ಜಾಫರಸಾಬ ಅದೇ ಸಾಲಿನಲ್ಲಿ ಕೂತಿದ್ದ. ಚಾಪೆಯ ಎಳೆಯೊಂದನ್ನು ಕಿತ್ತು ಬೆರಳಿಗೆ ಸುತ್ತುತ್ತ, ಬೆರಳ ತುದಿ ಕಪ್ಪಗಾಗುವವರೆಗೂ ಸುತ್ತುತ್ತ ಕೂತಿದ್ದ. ಅಂದಿನಿಂದ ಊರ ಹುಡುಗರ ಬಾಯಲ್ಲಿ ಲಾಡಸಾಬ 'ಸುಳ್ಳ ಲಾಡ್ಯಾ' ಆದ. ಶುಕ್ರವಾರದ ನಮಾಜಿಗೆ ಊರೊಳಗೆ ಬರುವುದನ್ನೇ ಬಿಟ್ಟ.

ಜಾಫರಸಾಬ ಗುದ್ದಲಿ ಎತ್ತಿದ. ಕಲ್ಲು ಒಡೆಯಿತು.

*

ಪ್ಲೇಗಿಗೆ ಹೆದರಿ ಹೊಲದಲ್ಲಿ ಗುಡಿಸಲು ಹಾಕಿದವರು ಮತ್ತೆ ಮನೆ ಸೇರಿದ ವರ್ಷ ಬಂಡೆಪ್ಪನ ಕಣ್ಣು ಹೋದದ್ದು. ರೈಲು ಹಳಿ ನೋಡಿಕೊಳ್ಳುವ ಹಾರ್ಲಿ ಸಾಹೇಬ ಸ್ಟೇಶನ್ನಿನ ಬಂಗಲೆಗೆ ಹೊಸದಾಗಿ ಬಂದಿದ್ದ. ಎದುರಿನ ಬರಡು ದಿಬ್ಬ, ಮಡ್ಡಿಯ ಮೇಲೆ ಅಲ್ಲಲ್ಲಿ ಸಣ್ಣ ಕುಣಿ ತೋಡಿಸಿ, ಕಡ್ಡಿ ನೆಡಿಸಿ, ಸಂಜೆಯ ಹೊತ್ತು ಒಬ್ಬನೇ ಗಾಲ್ಫ್ ಆಡುತ್ತಿದ್ದ. ಅದೇ ಮಡ್ಡಿಯಲ್ಲಿ ಕುರಿ ಮೇಯಿಸುತ್ತಿದ್ದ ಬಂಡೆಪ್ಪ ಬಂದು ಜಾಫರಸಾಬನ ಮುಂದೆ ಕೂತು ಹೇಳುತ್ತಿದ್ದ: "ಚೆಂಡ ತಾನಽ ಒಗೀತಾನ, ತಾನಽ ಹುಡಕ್ಕೋತ ಹೋಗ್ತಾನ. ಕುರಿ ಕಾಯೋದಕ್ಕೂ ಇದಕ್ಕೂ ಏನ ಫರಕಿಲ್ಲ ಬಿಡು. ಕುರಿ ಕಂಬಳಿಗೆ ಉಣ್ಣಿ ಕೊಡ್ತಾವ, ಇದು ಕೊಡೂದಿಲ್ಲ."

ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು. ಒಬ್ಬರ ಮನೆಯಲ್ಲಿ ಉಂಡು ಇನ್ನೊಬ್ಬರ ಮನೆಯಲ್ಲಿ ಮಲಗಿದವರು.

ಆ ಬೇಸಿಗೆಯ ಬಿಸಿಲಿಗೆ ಸಾಹೇಬನ 'ಡ್ರೈವರ್' ಎಂಬ ಗಾಲ್ಫ್ ಕೋಲು ಸೀಳಿತು. ಎಲ್ಲಕ್ಕಿಂತ ಉದ್ದನೆಯ, ದೂರ ಹೊಡೆಯುವ ಕೋಲು ಅದು. ತುದಿಗೆ ಮುಷ್ಟಿಯಷ್ಟು ದಪ್ಪದ ಮರದ ತಲೆ. ಲಾಡಸಾಬ ಅದನ್ನು ಬಡಿಗ ಜಾಫರಸಾಬನ ಹತ್ತಿರ ತಂದ. ಬಂಡಿಯ ಗಾಲಿಗೆಂದು ಒಣಗಿಸಿಟ್ಟ ಜಾಲಿಯ ಚೇಗಿನಲ್ಲಿ, ಆ ಮರದ ಗಟ್ಟಿ ತಿರುಳಿನಲ್ಲಿ, ಜಾಫರಸಾಬ ಹೊಸ ತಲೆ ಕೆತ್ತಿದ, ಹಿಂದೆ ಕೊರೆದು ಸೀಸ ಹೊಯ್ದ, ಕುತ್ತಿಗೆಗೆ ಮೇಣ ಸವರಿದ ದಾರ ಸುತ್ತಿದ. ನೋಡಲು ಹಳೆಯದರಂತೆಯೇ ಇತ್ತು. ಆದರೆ ಮರುದಿನ ಸಾಹೇಬನೇ ಕೋಲು ಹಿಡಿದು ಅಂಗಡಿಗೆ ಬಂದ. ಸಿಟ್ಟೇನೂ ಇರಲಿಲ್ಲ. ಅವನ ಮಾತನ್ನು ಲಾಡಸಾಬ ತಿರುಗಿಸಿ ಹೇಳಿದ.

"ಕೈ ಝುಂ ಅಂತಾವಂತ. ಪ್ರತಿ ಕೋಲಿನ ಮುಖದಾಗ ಒಂದು ಜಾಗಾ ಇರತೈತಂತ, ಒಂದ ಅಡಕಿಯಷ್ಟು. ಚೆಂಡು ಅಲ್ಲಿ ತಾಗಿದರ ಕೈಗೆ ಪೆಟ್ಟಽ ತಿಳಿಯೂದಿಲ್ಲಂತ, ಚೆಂಡು ತಾನಽ ಹಾರಿ ಹೋಗತೈತಂತ. ಸಿಹಿ ಜಾಗಾ ಅಂತಾರಂತ ಅದಕ್ಕ. ಇದರಾಗ ಅದು ಒಂದ ಅಂಚಿಗೆ ಹೋಗಿ ಕುಂತೈತಿ. ನಡುವಿಗೆ ತಾ ಅಂತಾನ."

ಸಾಹೇಬ ಕೋಲಿನ ಹಿಡಿಕೆಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಇಳಿಬಿಟ್ಟ. ಇನ್ನೊಂದು ಕೈಯ ಗೆಣ್ಣಿನಿಂದ ಮುಖದ ಮೇಲೆ ಮೆಲ್ಲಗೆ ಬಡಿಯುತ್ತ ಬಂದ. ತುದಿಗೆ ಬಡಿದರೆ ಕೋಲು ತಿರುಚಿಕೊಂಡಿತು. ನಡುವೆ ಬಡಿದರೂ ತಿರುಚಿಕೊಂಡಿತು. ಕುತ್ತಿಗೆಯ ಕಡೆಯ ಅಂಚಿಗೆ ಬಡಿದಾಗ ಮಾತ್ರ ತೊಟ್ಟಿಲಿನ ಹಾಗೆ ನೆಟ್ಟಗೆ ಹಿಂದಕ್ಕೆ ಹೋಗಿ ನೆಟ್ಟಗೆ ಬಂತು. ಜಾಫರಸಾಬನೂ ಬಡಿದು ನೋಡಿದ. ಬೆರಳಿಗೆ ಆ ಫರಕು ತಿಳಿದದ್ದೇ ಅವನಿಗೆ ಗಾಳಿ ಹಿಡಿದಂತಾಯಿತು. ಇಷ್ಟು ವರ್ಷ ಗಾಲಿ, ನೇಗಿಲು, ನೊಗ ಕೆತ್ತಿದ್ದ. ಮರದೊಳಗೆ ಹೀಗೊಂದು ಜಾಗ ಅಡಗಿ ಕೂತಿರುತ್ತದೆಂದು ಯಾರೂ ಹೇಳಿರಲಿಲ್ಲ.

ಹೋಗುವಾಗ ಲಾಡಸಾಬ ಬಾಗಿಲಲ್ಲಿ ತಿರುಗಿ ನಿಂತು ಹೇಳಿದ: "ದುರಸ್ತಿ ಮಾಡು. ಹೊರಗ ಒಯ್ದು ಆಡಾಕ ಹೋಗಬ್ಯಾಡ ಮತ್ತ. ಸಾಮಾನಿಗೆ ಕೈ ಹಚ್ಚಿದ್ರ ಪೋಲೀಸರಿಗೆ ಕೊಡೋ ಮನಶ್ಯಾ ಅಂವ."

ಆದರೆ ಹೊಡೆದು ನೋಡದೆ ತಿಳಿಯುವುದು ಹೇಗೆ? ಜಾಫರಸಾಬ ಸೀಸ ತೆಗೆದು ತುದಿಯ ಕಡೆಗೆ ಸರಿಸಿ ಹೊಯ್ದ. ಬೆಳಕು ಹರಿಯುವ ಹೊತ್ತಿಗೆ ಕೋಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮಡ್ಡಿಗೆ ಹೋದ. ಸಾಹೇಬ ಕಳೆದುಕೊಂಡಿದ್ದ ಚೆಂಡೊಂದು ಕಂಟಿಯಲ್ಲಿ ಸಿಕ್ಕಿತ್ತು. ಅದಕ್ಕೆ ಹಸಿ ಸುಣ್ಣ ಹಚ್ಚಿ ಹೊಡೆಯುತ್ತಿದ್ದ. ಎಲ್ಲಿ ತಾಗಿತೆಂದು ಕೋಲಿನ ಮುಖದ ಮೇಲಿನ ಬಿಳಿ ಮಚ್ಚೆ ಹೇಳುತ್ತಿತ್ತು, ಹೇಗೆ ತಾಗಿತೆಂದು ಕೈ ಹೇಳುತ್ತಿತ್ತು. ಚೆಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾರಿ, ಬೋರೆ ಹಣ್ಣಿನ ಬಾರಿ ಕಂಟಿಗಳ ಈಚೆಗೇ ಬಿದ್ದುಬಿಡುತ್ತಿತ್ತು. ಅವನು ಮನೆಗೆ ಬಂದು ಒಂದು ಕಾಳಿನಷ್ಟು ಸೀಸ ಕೆರೆಯುತ್ತಿದ್ದ, ಮರುದಿನ ಮತ್ತೆ ಹೋಗುತ್ತಿದ್ದ. ಹೆಂಡತಿ ಖೈರುನಬಿ ಮಾತಾಡಿಸಿದರೂ ಕೇಳಿಸುತ್ತಿರಲಿಲ್ಲ.

ಆ ಮುಂಜಾನೆ ಹೊಡೆಯಲು ನಿಂತಾಗ, ದೂರದಲ್ಲಿ ಬಾರಿ ಕಂಟಿಗಳ ಆಚೆಯ ಇಳಿಜಾರಿನಲ್ಲಿ ಕುರಿಗಳು ಕಂಡವು. ಅವುಗಳ ನಡುವೆ ಕಂಬಳಿಯ ಕೊಪ್ಪೆ ಹಾಕಿಕೊಂಡ ಬಂಡೆಪ್ಪ. ಅವನು ಕೈ ಎತ್ತಿದ ಹಾಗಿತ್ತು. ಜಾಫರಸಾಬ ಒಂದು ಕ್ಷಣ ಕೋಲು ಇಳಿಸಿದ. 'ಅಲ್ಲೀತನಕ ಎಲ್ಲಿ ಹೋದೀತು' ಅಂದುಕೊಂಡ. ಇಷ್ಟು ದಿನದಲ್ಲಿ ಒಂದು ಹೊಡೆತವೂ ಕಂಟಿ ದಾಟಿರಲಿಲ್ಲ. ಹೊಡೆದ.

ಕೈಗೆ ಏನೂ ತಿಳಿಯಲಿಲ್ಲ. ಚೆಂಡು ಇರಲೇ ಇಲ್ಲವೇನೋ, ಬರಿ ಗಾಳಿಯಲ್ಲಿ ಬೀಸಿದೆನೇನೋ ಅನ್ನುವಷ್ಟು ಹಗುರ. ನೆಲದ ಮೇಲೆ ಚೆಂಡಿರಲಿಲ್ಲ. ತಲೆ ಎತ್ತಿದರೆ ಅದು ಕಂಟಿಗಳ ಮೇಲೆ, ಇನ್ನೂ ಮೇಲೇರುತ್ತ, ಬೆಳಕಿನೊಳಗೆ ಹೋಗುತ್ತಿತ್ತು. ಜಾಫರಸಾಬ ಕೋಲಿನ ಮುಖ ತಿರುಗಿಸಿ ನೋಡಿದ. ನಟ್ಟನಡುವೆ ದುಂಡನೆಯ ಬಿಳಿ ಮಚ್ಚೆ. "ಸಿಕ್ತು!" ಎಂದು ಒಬ್ಬನೇ ಕೂಗಿದ. ಮದುವೆಯ ದಿನ, ಮಗ ಹುಟ್ಟಿದ ದಿನ ಕೂಡ ಅಂಥ ಖುಷಿ ಅವನಿಗೆ ಆಗಿರಲಿಲ್ಲ.

ಮತ್ತೆ ನೋಡಿದಾಗ ಕುರಿಗಳು ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದವು. ನಡುವೆ ಕಂಬಳಿ ನೆಲದ ಮೇಲಿತ್ತು.

ಅವನು ಓಡಿದ. ನಾಲ್ಕು ಹೆಜ್ಜೆ ಕಂಟಿಯ ಕಡೆಗೆ ಓಡಿದ, ಕೈಯಲ್ಲಿದ್ದ ಕೋಲು ಕಂಡಿತು, ನಿಂತ. ತಿರುಗಿ ಹಳ್ಳಕ್ಕೆ ಇಳಿದು, ಹಳ್ಳದ ತಳದಲ್ಲೇ ಬಗ್ಗಿಕೊಂಡು ಮನೆಗೆ ಓಡಿದ. ಬಾಗಿಲು ಹಾಕಿಕೊಂಡು, ಉಜ್ಜುಗೊರಡು ಹಿಡಿದು, ಕೋಲಿನ ಮುಖದ ಮೇಲಿನ ಸುಣ್ಣ ಹೋಗುವವರೆಗೂ ಉಜ್ಜಿದ.

ಬುತ್ತಿ ತಂದ ಹೆಂಡತಿ ಸಾವಂತ್ರವ್ವ ಬಂಡೆಪ್ಪನನ್ನು ಕಂಡದ್ದು ಬಿಸಿಲೇರಿದ ಮೇಲೆ. ಊರೆಲ್ಲ ಕೂಡಿದಾಗ ಜಾಫರಸಾಬನೂ ಹೋದ. ಬಂಡೆಪ್ಪನ ಎಡಗಣ್ಣಿಗೆ ಒದ್ದೆ ಬಟ್ಟೆ ಕಟ್ಟಿದ್ದರು, ಬಟ್ಟೆ ಕೆಂಪಾಗಿತ್ತು.

"ಯಾರು?" ಎಂದ ಬಂಡೆಪ್ಪ.

"ನಾ. ಜಾಫರ."

ಬಂಡೆಪ್ಪ ಬಲಗಣ್ಣು ತೆರೆದು ಅವನನ್ನು ಬಹಳ ಹೊತ್ತು ನೋಡಿದ. ಆಮೇಲೆ ಸುತ್ತಲಿನವರಿಗೆ ಹೇಳಿದ: "ಸಾಹೇಬನ ಚೆಂಡು ಬಡೀತು. ಟೋಪಿ ಕಂಡೇನಿ ನಾ."

ಸಾಹೇಬ ತಾನಲ್ಲ ಅಂದ. ಅಂದರೂ ತಾನೇ ಮುಂದೆ ನಿಂತು ಬಂಡೆಪ್ಪನನ್ನು ರೈಲಿನಲ್ಲಿ ಬಾಗಲಕೋಟೆಯ ದವಾಖಾನೆಗೆ ಕಳಿಸಿದ. ಕಣ್ಣು ಉಳಿಯಲಿಲ್ಲ. ಬೇಗ ತಂದಿದ್ದರೆ ಏನಾದರೂ ಮಾಡಬಹುದಿತ್ತು ಅಂದರಂತೆ ಡಾಕ್ಟರು. ಸಾಹೇಬ ಮತ್ತೆ ಮಡ್ಡಿಗೆ ಇಳಿಯಲಿಲ್ಲ, ಕೋಲನ್ನೂ ಕೇಳಲಿಲ್ಲ. ಮಳೆಗಾಲಕ್ಕೆ ವರ್ಗವಾಗಿ ಹೋದ. ಜಾಫರಸಾಬ ಕೋಲನ್ನು ಸೀಳಿ ಒಲೆಗೆ ಹಾಕಿದ. ಜಾಲಿಯ ಚೇಗು, ಬಹಳ ಹೊತ್ತು ಉರಿಯಿತು.

*

ಹೊತ್ತು ನೆತ್ತಿಗೆ ಬರುವಾಗ ಡೊಳ್ಳಿನ ಸದ್ದು ಕೇಳಿಸಿತು. ಬಂಡೆಪ್ಪನನ್ನು ತಂದರು. ಬೀರಪ್ಪನ ಪೂಜಾರಿ ಭಂಡಾರ ಎರಚಿದ. ಹೆಣದ ಹಣೆ, ಗಡ್ಡ, ಕರಿ ಕಂಬಳಿ ಎಲ್ಲ ಅರಿಸಿನವಾಯಿತು. ಗುಳಿಬಿದ್ದ ಎಡಗಣ್ಣಿನಲ್ಲೂ ಒಂದು ಚಿಟಿಕೆ ಭಂಡಾರ ನಿಂತಿತ್ತು.

"ಒಂದ ಕಣ್ಣಿನ್ಯಾಗ ಎಷ್ಟ ಕುರಿ ಕಾದ ನೋಡ್ರಿ," ಎಂದ ಮುದಕಪ್ಪ, ಗದ್ಗದಿಸುತ್ತ. "ಎಡಕಿನಿಂದ ತೋಳ ಬಂದ್ರ ಕಾಣತಿದ್ದಿಲ್ಲ. ಎಷ್ಟ ಮರಿ ಒಯ್ದುವು. ಉಣ್ಣಿ ಕತ್ತರಸಾಕ ಕುಂತ್ರ ಕುರಿ ಕಿವಿ ಕತ್ತರಸ್ತಿದ್ದ, ಆಮ್ಯಾಲ ಬಿಟ್ಟಽ ಬಿಟ್ಟ, ಸಾವಂತ್ರವ್ವ ವೈನೀನಽ ಕತ್ತರಸಾಕ ಕಲತ್ಲು. ಆದ್ರೂ ನಕ್ಕೋತ ಇದ್ದ. ಅರ್ಧಾ ಜಗತ್ತ ಕಂಡ್ರ ಸಾಕು, ಇನ್ನರ್ಧಾನೂ ಹಿಂಗಽ ಇರತೈತಿ ಅಂತಿದ್ದ."

ಕುಣಿಗೆ ಇಳಿಸಿದರು. ಮುದಕಪ್ಪ ಮೊದಲ ಮಣ್ಣು ಹಾಕಿ ಜಾಫರಸಾಬನ ಕೈ ಹಿಡಿದು ಮುಂದೆ ತಂದ. "ನೀ ಹಾಕು. ನನಗಿಂತ ಮೊದಲ ನೀನಽ ಹಾಕಬೇಕಾಗಿತ್ತು."

ಜಾಫರಸಾಬ ಹಿಡಿ ಮಣ್ಣು ತೆಗೆದುಕೊಂಡ. ಅದರಲ್ಲಿ ತಾನೇ ಒಡೆದ ಕಲ್ಲಿನ ಚೂರುಗಳಿದ್ದವು. ಅವನ್ನೆಲ್ಲ ಒಂದೊಂದಾಗಿ ಆರಿಸಿ ಆಚೆ ಚೆಲ್ಲಿ, ಮೆತ್ತನೆಯ ಮಣ್ಣನ್ನಷ್ಟೇ ಬಿಟ್ಟ. ಜನ ಕಾದರು. ಯಾರಿಗೂ ಅವಸರ ಮಾಡುವ ಮನಸ್ಸಾಗಲಿಲ್ಲ.

*

ಹೋದ ವಾರ ಬಂಡೆಪ್ಪ ಎದೆಯಲ್ಲಿ ಕಫ ಕಟ್ಟಿ ಮಲಗಿದ್ದ. ಜಾಫರಸಾಬ ದಿನಾ ಹೋಗಿ ಹಾಸಿಗೆಯ ಬಲಕ್ಕೆ ಕೂರುತ್ತಿದ್ದ.

"ಜಾಫರಾ, ಏನರ ಮಾತಾಡೋ," ಎಂದಿದ್ದ ಬಂಡೆಪ್ಪ.

"ಏನ ಮಾತಾಡ್ಲಿ?"

"ಏನರ. ನಿನ್ನ ಹೊಟ್ಯಾಗ ಇದ್ದದ್ದು."

ಜಾಫರಸಾಬ ಅವನ ಕಂಬಳಿಯ ಅಂಚು ಸರಿಮಾಡಿದ. ಆ ಮಾತು ಬಾಯಿಯವರೆಗೆ ಬಂದದ್ದು ಅದೇ ಮೊದಲಲ್ಲ. ಪ್ರತಿ ಸಲ ಬಂದಾಗಲೂ, ಈಗಲ್ಲ, ಇನ್ನೊಮ್ಮೆ ಅನ್ನಿಸುತ್ತಿತ್ತು. ಮೊದಮೊದಲು ಪೋಲೀಸರ ಹೆದರಿಕೆ. ಆಮೇಲೆ ಸಾಹೇಬ ಹೋದ, ಹೆದರಿಕೆಯೂ ಹೋಯಿತು. ಆದರೆ ಅಷ್ಟು ಹೊತ್ತಿಗೆ ಸುಮ್ಮನಿದ್ದದ್ದೇ ಹೊಡೆದದ್ದಕ್ಕಿಂತ ದೊಡ್ಡದಾಗಿತ್ತು.

"ಇಳಕಲ್ಲಿಂದ ಒಬ್ಬಾಂವ ಬಂದಿದ್ದ," ಎಂದ. "ಮಗ್ಗದ ಲಾಳಿ ಮಾಡಿಕೊಡು ಅಂತಾನ. ಎಳಿ ಹರೀಬಾರದು, ಅಷ್ಟ ನುಣುಪ ಇರಬೇಕಂತ..." ಲಾಳಿಯ ಉದ್ದ, ತೂಕ, ಯಾವ ಮರ ಸೀಳುವುದಿಲ್ಲ, ಎಲ್ಲ ಹೇಳಿದ. ನಿಲ್ಲಿಸಲು ಹೆದರಿ ಹೇಳುತ್ತಲೇ ಹೋದ. ಬಂಡೆಪ್ಪ ಒಂಟಿ ಕಣ್ಣಿನಿಂದ ಅವನ ಮುಖವನ್ನೇ ನೋಡುತ್ತಿದ್ದವನು ನಡುವೆಲ್ಲೋ ಕಣ್ಣು ಮುಚ್ಚಿದ.

"ಆತು," ಎಂದ. "ನಾಳೆ ಬಾ."

*

ಮಣ್ಣು ಮುಗಿಸಿ ಗಂಡಸರು ಮನೆಗೆ ಬಂದರು. ಬಾಗಿಲ ಹೊರಗಿನ ಹಾಸುಗಲ್ಲಿನ ಮೇಲೆ ಒಬ್ಬೊಬ್ಬರಾಗಿ ಕಾಲು ತೊಳೆದುಕೊಂಡು ಅಂಗಳದಲ್ಲಿ ಕೂತರು. ಜಾಫರಸಾಬ ಕಾಲು ತೊಳೆದು ನಿಂತಿದ್ದಾಗ ಕುರಿಹಟ್ಟಿಯ ಕಡೆಯಿಂದ ಸಾವಂತ್ರವ್ವ ಕರೆದಳು. ಅವಳ ಕಣ್ಣು ಅತ್ತು ಬತ್ತಿದ್ದವು.

"ಜಾಫರಣ್ಣ, ನಮ್ಮಾಂವ ಹ್ವಾದ ವಾರ ನಿನಗೇನರ ಕೇಳಿದ್ನಾ?"

"ಇಲ್ಲವ್ವ. ಏನರ ಮಾತಾಡು ಅಂದ. ಮಾತಾಡಿದೆ."

"ಏನ ಮಾತಾಡಿದಿ?"

"ಲಾಳಿ ಮಾಡೋ ವಿಚಾರ," ಎಂದ.

ಸಾವಂತ್ರವ್ವ ತಲೆದೂಗಿದಳು. "ಹಂಗಽ ಅಂದ ನನ್ನ ಮುಂದ. ಇವತ್ತೂ ಲಾಳಿ ಮಾತ ಹೇಳಿ ಹ್ವಾದ ನೋಡು ಅಂದ."

ಹಟ್ಟಿಯೊಳಗೆ ಕುರಿಗಳು ಒಂದನ್ನೊಂದು ತಿಕ್ಕುತ್ತಿದ್ದವು. ಅವತ್ತು ಯಾರೂ ಅವನ್ನು ಮೇಯಲು ಬಿಟ್ಟಿರಲಿಲ್ಲ.

"ಮಡ್ಡಿ ಮ್ಯಾಲ ಟೋಪಿ ಇರಲಿಲ್ಲ, ತಲೀಗೆ ರುಮಾಲಿತ್ತು ಅಂತ ಅವತ್ತಽ ಹೇಳಿದ್ದ ನನಗ," ಎಂದಳು ಅವಳು. "ದೂರದಿಂದ ನಿನ್ನ ಗುರ್ತ ಹಿಡದು ಕೈ ಎತ್ತಿದ್ದನಂತ. ಹಂಗಾರ ಸಾಹೇಬ ಅಂತ ಯಾಕ ಹೇಳಿದಿ ಅಂದೆ. ಸಾಹೇಬಗ ಯಾರೂ ಏನೂ ಮಾಡೂದಿಲ್ಲ, ಜಾಫರಗ ಬೇಡಿ ಹಾಕ್ತಾರ ಅಂದ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ, ಅವನಽ ಬಂದು ಹೇಳ್ತಾನ ಅಂದ."

ಜಾಫರಸಾಬ ತಡಿಕೆಯ ಗೂಟ ಹಿಡಿದುಕೊಂಡ.

"ಹೇಳಿದ ದಿನ ಬಯ್ಯಾಕ ಎರಡು ಛಲೋ ಬೈಗುಳ ತಗದಿಟ್ಟೇನಿ ಅಂತಿದ್ದ. ನಗತಿದ್ದ. ನಿನ್ನ ಅಂಗಡಿಯಿಂದ ಬಂದಾಗೊಮ್ಮೆ ನಾ ಕೇಳ್ತಿದ್ದೆ, ಹೇಳಿದ್ನಾ ಅಂತ. ಇನ್ನೂ ಇಲ್ಲ ಅಂತಿದ್ದ. ನೀ ತೊಟ್ಟಲಾ ತಂದ ದಿನ, ಇವತ್ತ ಹೇಳಾಂವ ಇದ್ದ, ಮಂದಿ ಬಂದ್ರು ಅಂದ. ಕಡೀಕ ಕಡೀಕ ನಗೂದು ಬಿಟ್ಟ."

"ನಾ ಭಾಳ ಸಲ ಹೇಳಬೇಕಂತ—"

"ನನಗ ಹೇಳಬ್ಯಾಡ." ಅವಳು ದನಿ ಏರಿಸಲಿಲ್ಲ. "ಕೇಳಾಕ ಕುಂತಾಂವ ಹ್ವಾದ. ಅಂವ ಬೈತಿದ್ದ, ಬೈದು ಬಿಡತಿದ್ದ. ನನಗ ಬಯ್ಯಾಕ ಬರೂದಿಲ್ಲ, ಬಿಡಾಕೂ ಬರೂದಿಲ್ಲ."

ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಜಾಫರಸಾಬ ಅಂಗಳಕ್ಕೆ ಬಂದಾಗ ಎಲ್ಲರೂ ಕೂತಾಗಿತ್ತು. ಮುದಕಪ್ಪ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. ಲಾಡಸಾಬ ಮಾತ್ರ ಈಗ ಬರುತ್ತಿದ್ದ, ಕೋಲೂರುತ್ತ, ಹೆಜ್ಜೆಗೊಮ್ಮೆ ನಿಲ್ಲುತ್ತ. ಅವನು ಹಾಸುಗಲ್ಲಿನ ಮೇಲೆ ನಿಂತು ಕೊಡದತ್ತ ಬಗ್ಗಲು ಹೋದ, ಮೊಳಕಾಲು ಕೇಳಲಿಲ್ಲ. ಜಾಫರಸಾಬ ಮುಂದೆ ಬಂದು ಕೊಡ ಎತ್ತಿಕೊಂಡ.

"ನೀ ಯಾಕೋ? ಯಾರರ ಹುಡುಗರು ಹಾಕ್ತಾರ."

"ಇರ್ಲಿ. ಕಾಲ ಚಾಚು."

ನೀರು ಬಿದ್ದು ಕೆಂಪು ಮಣ್ಣು ಕರಗಿ ಹರಿಯಿತು. ಲಾಡಸಾಬ ಒಂದು ಕಾಲಿನಿಂದ ಇನ್ನೊಂದು ಕಾಲು ತಿಕ್ಕಿಕೊಂಡ.

"ಲಾಡಸಾಬ."

"ಹೂಂ."

"ಆ ಮುಂಜಾನೆ ಸಾಹೇಬ ಮನಿಯಾಗಽ ಇದ್ದ. ನೀ ಖರೆ ಹೇಳಿದಿ."

ಲಾಡಸಾಬ ತಲೆ ಎತ್ತದೆ ನಕ್ಕ. "ಈಗ ನಂಬಿಕಿ ಬಂತಾ ನಿನಗ?"

"ನಂಬಿಕಿ ಮಾತಲ್ಲ. ಮಡ್ಡಿ ಮ್ಯಾಲ ಕೋಲ ಹಿಡದಾಂವ ನಾ. ಬಂಡೆಪ್ಪನ ಕಣ್ಣ ಕಳದಾಂವ ನಾ. ಹಳ್ಳ ಹಿಡದು ಮನಿಗೆ ಓಡಿದೆ. ಮಸೂತ್ಯಾಗ ನೀ ಕುರಾನ ಮುಟ್ಟಿದಾಗ ನಿನ್ನ ಸಾಲಿನ್ಯಾಗಽ ಕುಂತಿದ್ದೆ."

ಮೆಲ್ಲಗೆ ಹೇಳಬೇಕೆಂದಿದ್ದ, ಆದರೆ ದನಿ ಜೋರಾಗಿಯೇ ಬಂದಿತ್ತು. ಅಂಗಳದಲ್ಲಿ ಕೂತವರೆಲ್ಲ ಇತ್ತ ತಿರುಗಿದರು. ಮುದಕಪ್ಪ ಕಟ್ಟೆಯಿಂದ ಎದ್ದ.

ಲಾಡಸಾಬ ಅವನ ಮುಖ ನೋಡಿದ. ಆಮೇಲೆ ಕೋಲಿನ ಮೇಲೆ ಭಾರ ಹಾಕಿ ಒಂದು ಕಾಲನ್ನು ಹಾಸುಗಲ್ಲಿನಿಂದ ಹಿಂದಕ್ಕೆ ತೆಗೆದ. ಸ್ವಲ್ಪ ತಡೆದು, ಇನ್ನೊಂದನ್ನೂ ತೆಗೆದು ಧೂಳಿನಲ್ಲಿ ಊರಿದ.

ಜಾಫರಸಾಬ ಕೊಡ ನೆಟ್ಟಗೆ ಮಾಡಲಿಲ್ಲ. ನೀರು ಬರಿಗಲ್ಲಿನ ಮೇಲೆ ಬೀಳುತ್ತಲೇ ಇತ್ತು.